ಹಿಂಡು ಕರಗಿದ ಮೇಲೆ ಕಾವಲು ಯಾರಿಗೆ?

ಪೋರ್ಚುಗಲ್‌ನ ಉತ್ತರದ ತುದಿಯಲ್ಲಿ, ಸ್ಪೇನ್ ಗಡಿಗೆ ಆತುಕೊಂಡಿರುವ ಕಾಸ್ಟ್ರು ಲಬೊರೈರು ಎಂಬ ಬೆಟ್ಟದೂರಿಗೆ ನಾನು ಹೋದದ್ದು ಅಲ್ಲಿನ ಹಾಳುಬಿದ್ದ ಕೋಟೆಯನ್ನು ನೋಡಲೆಂದು. ಮರಳುವಾಗ ಕಿವಿಯಲ್ಲಿ ಉಳಿದದ್ದು ಒಂದು ನಾಯಿಯ ಬೊಗಳು. ಗಂಟಲಾಳದಿಂದ ಹೊರಟು, ಮೇಲೇರುತ್ತ ಹೋಗಿ, ಕೀರಲು ದನಿಯಲ್ಲಿ ಮುಗಿಯುವ ಆ ಕೂಗು ಊರಿನ ಹೆಸರನ್ನೇ ಹೊತ್ತ ಅಪರೂಪದ ತಳಿಯ ಗುರುತು. ಅದರ ಪಟ್ಟೆಪಟ್ಟೆಯ ಮೈಬಣ್ಣಕ್ಕೆ ಅಲ್ಲಿಯ ಜನ ಇಟ್ಟ ಹೆಸರು ‘ಬೆಟ್ಟದ ಬಣ್ಣ’. ಬಂಡೆಯ ಮಗ್ಗುಲಲ್ಲಿ ಮಲಗಿದ್ದರೆ ಥಟ್ಟನೆ ಕಣ್ಣಿಗೆ ಬೀಳದು.

ದನ–ಕುರಿಗಳನ್ನು ತೋಳದಿಂದ ಕಾಯುವುದು ಇದರ ಪರಂಪರಾಗತ ಕಸುಬು. ಹಿಂಡನ್ನು ಅಟ್ಟಿಕೊಂಡು ಹೋಗುವ ನಾಯಿ ಇದಲ್ಲ. ಮರಿಯಿದ್ದಾಗಲೇ ಹಟ್ಟಿಯಲ್ಲಿ ಬೆಳೆಯುವುದರಿಂದ ಹಿಂಡನ್ನೇ ತನ್ನ ಬಳಗವೆಂದು ಬಗೆಯುತ್ತದೆ. ತೋಳ ಸುಳಿದರೆ ಅಡ್ಡ ನಿಂತು ಬೊಗಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅಷ್ಟೇ ಸಾಕಾಗುತ್ತದೆ.

ಆ ಊರಿನ ಬದುಕು ಕೂಡ ಹಿಂಡಿನ ಹಿಂದೆಯೇ ನಡೆದಿತ್ತು. ಬೇಸಿಗೆಗೆ ಎತ್ತರದ ‘ಬ್ರಾಂಡ’, ಚಳಿಗಾಲಕ್ಕೆ ಕಣಿವೆಯ ‘ಇನ್ವೆರ್ನೈರ’; ಒಂದೇ ಕುಟುಂಬಕ್ಕೆ ಎರಡು ಮನೆ. ಕಳೆದ ಶತಮಾನದಲ್ಲಿ ಗಂಡಸರು ದುಡಿಮೆ ಅರಸಿ ಫ್ರಾನ್ಸಿಗೆ ಹೊರಟರು. ಕಪ್ಪುಡುಗೆಯ ಹೆಂಗಸರು ಹೊಲ–ಹಟ್ಟಿಗಳ ಹೊಣೆ ಹೊತ್ತರು. ಅವರಿಗೂ ವಯಸ್ಸಾಯಿತು, ಹಿಂಡುಗಳು ಕರಗಿದವು.

ಈ ತಳಿಯ ಲಕ್ಷಣಗಳು 1935ರಲ್ಲೇ ಅಧಿಕೃತವಾಗಿ ದಾಖಲಾಗಿವೆ. ಪ್ರದರ್ಶನಗಳಲ್ಲಿ ಪದಕಗಳೂ ಸಿಗುತ್ತವೆ. ಆದರೆ ಕೆಲಸವಿಲ್ಲದ ಕಾವಲುನಾಯಿ ಕೆಲವೇ ತಲೆಮಾರುಗಳಲ್ಲಿ ಬರೀ ಚೆಂದದ ಸಾಕುಪ್ರಾಣಿಯಾದೀತು ಎಂಬುದು ನನ್ನ ಆತಂಕ.

ಇದಕ್ಕೊಂದು ಉತ್ತರವೂ ಅಲ್ಲಿಯೇ ಇದೆ. ಪೋರ್ಚುಗಲ್ 1988ರಲ್ಲಿ ತೋಳಕ್ಕೆ ಕಾನೂನಿನ ರಕ್ಷಣೆ ನೀಡಿತು. ಆದರೆ ಕುರಿ ಕಳೆದುಕೊಂಡವನ ಸಿಟ್ಟನ್ನು ಕಾನೂನೊಂದೇ ತಣಿಸಲಾರದು. ಗುಟ್ಟಾಗಿ ಇಡುವ ವಿಷ ಯಾವ ಕಾಯ್ದೆಯನ್ನೂ ಓದುವುದಿಲ್ಲ. ಇದನ್ನು ಅರಿತ ‘ಗ್ರೂಪು ಲೋಬು’ ಎಂಬ ಸಂಸ್ಥೆ, 1996ರಲ್ಲಿ ಆರಂಭಿಸಿದ ಯೋಜನೆಯಡಿ ಕುರಿಗಾಹಿಗಳಿಗೆ ದೇಶೀ ತಳಿಗಳ ಕಾವಲುಮರಿಗಳನ್ನು ಒದಗಿಸತೊಡಗಿತು. ಕುರಿ ಉಳಿದರೆ ಕುರಿಗಾಹಿಯ ಸಿಟ್ಟು ಇಳಿಯುತ್ತದೆ, ತೋಳ ಬದುಕುತ್ತದೆ. ತೋಳ ಇರುವ ತನಕ ನಾಯಿಗೂ ಕೆಲಸವಿರುತ್ತದೆ.

ಆದರೆ ನಾಯಿಗೆ ವರ್ಷವಿಡೀ ಅನ್ನ ಹಾಕಬೇಕಾದವನು ಕುರಿಗಾಹಿ. ಅವನು ಬೆಟ್ಟದಲ್ಲಿ ಉಳಿಯುವಂತೆ ಮಾಡದೆ ನಾಯಿಯನ್ನಾಗಲೀ ತೋಳವನ್ನಾಗಲೀ ಉಳಿಸುತ್ತೇವೆನ್ನುವುದು ಹುಸಿ ಮಾತು. ಅಂದು ನಾನು ಕಂಡ ನಾಯಿಯ ಸುತ್ತ ಒಂದೂ ಕುರಿ ಇರಲಿಲ್ಲ. ಬೀಗ ಹಾಕಿದ ಮನೆಯೊಂದರ ಹೊಸ್ತಿಲಲ್ಲಿ ನಿಂತು, ಅದು ನನ್ನತ್ತ ಬೊಗಳುತ್ತಿತ್ತು.