ಆಪತ್ತು ಕಂಡ ಊರಿಗೆ ನೆರೆಹೊರೆಯ ಆಸರೆ



ಪೈರಿಗೆ ರೋಗ ಬಂದರೆ ಏನು ಸಿಂಪಡಿಸಬೇಕು, ಹಸುವಿಗೆ ಕಾಲುಬಾಯಿ ಜ್ವರ ಬಂದರೆ ಯಾರನ್ನು ಕರೆಯಬೇಕು ಎಂದು ಮಾತನಾಡಿಕೊಳ್ಳುವುದು ನಮ್ಮ ವಾಡಿಕೆ. ಈ ಹೊತ್ತಿನ ವಿಷಯ ಬೇರೆ. ಊರಿಗೆ ಆಪತ್ತು ಬಂದುಹೋದ ಮೇಲೆ ಜನರ ಮನಸ್ಸಿಗೆ ಬೀಳುವ ಪೆಟ್ಟು ಎಂಥದು, ಅದಕ್ಕೆ ಊರವರೇ ಮಾಡಬಹುದಾದ ಉಪಚಾರ ಏನು ಎಂಬುದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ. "ಬೇಸಾಯಗಾರನಿಗೆ ಇದೇತಕ್ಕಪ್ಪಾ?" ಎಂದು ನೀವು ಕೇಳಬಹುದು. ಮನಸ್ಸು ಕುಸಿದ ಮನೆಯಲ್ಲಿ ಬಿತ್ತನೆ ಹದ ತಪ್ಪುತ್ತದೆ, ಕರೆಯುವವರಿಲ್ಲದೆ ಹಸು ಕೊಟ್ಟಿಗೆಯಲ್ಲೇ ಕೂಗುತ್ತದೆ. ಅದಕ್ಕೇ ಈ ಮಾತು.

2018ನೆಯ ಇಸವಿ ನವೆಂಬರ್ 24, ಶನಿವಾರ. ಪಾಂಡವಪುರದಿಂದ ಮಂಡ್ಯಕ್ಕೆ ಹೊರಟಿದ್ದ ಬಸ್ಸು ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. 30 ಜನ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿ ಇದ್ದರು. ಮೊದಲು ಓಡಿಬಂದು ನೀರಿಗಿಳಿದವರು ಅಕ್ಕಪಕ್ಕದ ಜನವೇ. ಸರ್ಕಾರ ಪರಿಹಾರ ಘೋಷಿಸಿತು. ಪರಿಹಾರ ಬೇಕು, ಬೇಡವೆನ್ನುವವರು ಯಾರು? ಆದರೆ ಯೋಚಿಸಿ ನೋಡಿ: ಯಾವ ನಾಲೆ ಮಗುವನ್ನು ನುಂಗಿತೋ, ಅದೇ ನಾಲೆಯ ನೀರನ್ನು ಮತ್ತೆ ಗದ್ದೆಗೆ ತಿರುಗಿಸಿಕೊಳ್ಳಬೇಕು. ಆ ಸಂಕಟಕ್ಕೆ ಯಾವ ಕಚೇರಿಯಲ್ಲಿ ಅರ್ಜಿ ಕೊಡುವುದು?

ಆಪತ್ತು ಎಲ್ಲ ಕಡೆಯೂ ಒಂದೇ ವೇಷದಲ್ಲಿ ಬರುವುದಿಲ್ಲ. ಕನ್ನಂಬಾಡಿ ತುಂಬಿ ಹೆಚ್ಚು ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಹೊಳೆ ಬದಿಯ ಗದ್ದೆಗೆ ಪ್ರವಾಹ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ಮಳೆ ಹೆಚ್ಚಿದರೆ ಕೆರೆ ಏರಿಯ ಭಯ, ಕೈಕೊಟ್ಟರೆ ರಾಗಿ ಹೊಲ ಒಣಗುವ ಭಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತು. ಪ್ರವಾಹ ಒಂದೇ ರಾತ್ರಿಯಲ್ಲಿ ಹೊಡೆಯುತ್ತದೆ. ಬರ ನಿಧಾನವಾಗಿ, ಸಾಲದ ರೂಪದಲ್ಲಿ, ಸದ್ದಿಲ್ಲದೆ ಕೊರೆಯುತ್ತದೆ. ಎರಡೂ ಮನಸ್ಸನ್ನು ಮುರಿಯುತ್ತವೆ.

ಇದನ್ನು ನಾಟಿಗೆ ಹೋಲಿಸಿ ತಿಳಿಯೋಣ. ಒಟ್ಲಿನಿಂದ ಕಿತ್ತು ನೆಟ್ಟ ಪೈರು ಮೊದಲ ಕೆಲವು ದಿನ ಕಂದುತ್ತದೆ. ಅದು ರೋಗವಲ್ಲ, ಬೇರಿಗೆ ಬಿದ್ದ ಪೆಟ್ಟು. ಹದವಾಗಿ ನೀರಿದ್ದರೆ ತಾನೇ ಬೇರು ಹಿಡಿದು ಹಸಿರಾಗುತ್ತದೆ. ಮನುಷ್ಯರೂ ಹಾಗೆಯೇ. ಆಪತ್ತಾದ ಮೇಲೆ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಅನ್ನ ಸೇರದಿರುವುದು, ಕಾರಣವಿಲ್ಲದೆ ಸಿಡುಕುವುದು, ಕಂಡದ್ದೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಸಹಜ. ಅದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಆಸರೆ ಇದ್ದರೆ ಬಹು ಮಂದಿ ವಾರಗಳು ಕಳೆದಂತೆ ಚೇತರಿಸಿಕೊಳ್ಳುತ್ತಾರೆ. ಬೇರು ಹಿಡಿಯದ ಕೆಲವರಿಗೆ ಮಾತ್ರ ವೈದ್ಯರ ಆರೈಕೆ ಬೇಕು.

ಆ ಆಸರೆ ಕೊಡುವವರು ಯಾರು? ದೊಡ್ಡ ಓದು ಓದಿದವರೇ ಆಗಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತಿನ ಭೂಕಂಪ, 2004ರ ಸುನಾಮಿಯ ತರುವಾಯ ಈ ಕೆಲಸಕ್ಕೆ ಸ್ಥಳೀಯ ಕಾರ್ಯಕರ್ತರನ್ನೇ ತಯಾರು ಮಾಡಿದರು. ಲಕ್ಷಾಂತರ ಜನ ನೊಂದಾಗ ಅಷ್ಟು ಮನೋವೈದ್ಯರನ್ನು ಎಲ್ಲಿಂದ ತರುವುದು? ನಿಮ್ಮ ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಮೇಷ್ಟ್ರು, ಸ್ತ್ರೀಶಕ್ತಿ ಸಂಘದವರು, ಹಾಲಿನ ಡೇರಿಯ ಕಾರ್ಯದರ್ಶಿ, ಯುವಕರು—ಇವರೇ ಈ ಕೆಲಸಕ್ಕೆ ತಕ್ಕವರು.

ಕೆಲಸದ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮೂರು ಮಾತಿನಲ್ಲಿ ಹೇಳಿದೆ: ನೋಡು, ಕೇಳು, ಜೋಡಿಸು.

ಮೊದಲನೆಯದು, ನೋಡುವುದು. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ? ಒಂಟಿ ಮುದುಕರು ಯಾರು? ಬಸುರಿ, ಬಾಣಂತಿ ಇದ್ದಾರೆಯೇ? ಹೆಣಗಳನ್ನು ಎತ್ತಿದ ಹುಡುಗರು ಹೇಗಿದ್ದಾರೆ? ಧೈರ್ಯವಂತರೆಂದು ಅವರನ್ನು ಮರೆಯುವುದು ದೊಡ್ಡ ತಪ್ಪು.

ಎರಡನೆಯದು, ಕೇಳಿಸಿಕೊಳ್ಳುವುದು. ನೊಂದ ಮನೆಗೆ ಹೋಗಿ ನೆರೆಯ ಹೆಣ್ಣುಮಗಳೊಬ್ಬಳು ಹೀಗೆನ್ನಬಹುದು:

"ಚಿಕ್ಕವ್ವ, ಹಸ ನಾನ್ ಕರ್ದು ಡೇರಿಗೆ ಹಾಲು ಹಾಕ್ಬತ್ತೀನಿ. ಒಂದ್ ತುತ್ತು ಮುದ್ದೆ ಉಣ್ಣವ್ವ."

"ಬ್ಯಾಡ ಕಣ್ ಮಗ, ಗಂಟ್ಲಲ್ಲಿ ಇಳಿಯಾಕಿಲ್ಲ."

"ಆಯ್ತು ಬುಡು ಚಿಕ್ಕವ್ವ. ನಾನಿಲ್ಲೇ ಕುಂತಿರ್ತೀನಿ."

ಇಷ್ಟೇ. ಇದರಲ್ಲಿ ಉಪದೇಶವಿಲ್ಲ. ಅವರು ಮಾತನಾಡಿದರೆ ಕೇಳಿ, ಅತ್ತರೆ ಅಳಲು ಬಿಡಿ, ಸುಮ್ಮನಿದ್ದರೆ ಸುಮ್ಮನಿರಿ. "ಏನಾಯ್ತು, ಹೆಂಗಾಯ್ತು, ಎಲ್ಲ ಹೇಳು" ಎಂದು ಕೆದಕಬೇಡಿ. "ಹಣೇಬರಹ", "ಇನ್ನೊಂದು ಮಗು ಐತಲ್ಲ" ಎಂಬ ಮಾತು ನಾವು ಸಮಾಧಾನಕ್ಕೆಂದು ಆಡುತ್ತೇವೆ. ಅದು ಗಾಯಕ್ಕೆ ಉಪ್ಪು ಸವರಿದಂತೆ. ಅಲ್ಲಿ ಕೇಳಿದ್ದನ್ನು ಅರಳಿಕಟ್ಟೆಯಲ್ಲಿ ಆಡುವುದಂತೂ ಕೂಡದು.

ಮೂರನೆಯದು, ಜೋಡಿಸುವುದು. ದುಃಖದಲ್ಲಿರುವವರಿಗೆ ಕಾಗದಪತ್ರ ಬೆಟ್ಟದಂತೆ ಕಾಣುತ್ತದೆ. ಮರಣ ಪತ್ರ, ಪಹಣಿ, ಬ್ಯಾಂಕಿನ ಪುಸ್ತಕ ಹೊಂದಿಸಿಕೊಂಡು ನಾಡಕಚೇರಿಗೆ ಜೊತೆಯಲ್ಲಿ ಹೋಗಿ. ನೀರಿನ ಸರದಿ ತಪ್ಪದಂತೆ ನೋಡಿ. ನಾಟಿಯೋ ಕೊಯ್ಲೋ ಇದ್ದರೆ ಮುಯ್ಯಾಳು ಸೇರಿಸಿ. ಮನಸ್ಸಿನ ಉಪಚಾರ ಹೊಲದಿಂದಲೂ ಆರಂಭವಾಗುತ್ತದೆ.

ಮಕ್ಕಳ ವಿಚಾರ ಪ್ರತ್ಯೇಕವಾಗಿ ಹೇಳಬೇಕು. "ಅಕ್ಕ ಊರಿಗೆ ಹೋಗಿದ್ದಾಳೆ" ಎಂದು ಸುಳ್ಳು ಹೇಳಬೇಡಿ. ತಿಳಿಯುವಂತೆ ನಿಜ ಹೇಳಿ. ಹಾಸಿಗೆ ಒದ್ದೆ ಮಾಡಿದರೆ, ತಾಯಿಯ ಸೆರಗು ಬಿಡದಿದ್ದರೆ ಗದರಬೇಡಿ. ಬೇಗ ಶಾಲೆಗೂ ಆಟಕ್ಕೂ ಕಳಿಸಿ. ಬಸ್ಸು ಹತ್ತಲು ಹೆದರುವ ಮಗುವಿನ ಜೊತೆ ಕೆಲವು ದಿನ ದೊಡ್ಡವರು ಹೋಗಿಬರಲಿ.

ಇನ್ನು ವೈದ್ಯರ ಹತ್ತಿರ ಹೋಗಬೇಕಾದ ಗುರುತುಗಳು. ತಿಂಗಳು ಕಳೆದರೂ ನಿದ್ದೆ, ಊಟ, ಕೆಲಸ ದಾರಿಗೆ ಬರದಿದ್ದರೆ, ಕುಡಿತ ಹೆಚ್ಚಿದರೆ, ಯಾರೊಡನೆಯೂ ಸೇರದೆ ಮೂಲೆ ಹಿಡಿದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಮನೋವೈದ್ಯರು ಸಿಗುವ ದಿನವನ್ನು ಅಲ್ಲಿ ತಿಳಿಸುತ್ತಾರೆ. "ನಾನಿದ್ದು ಏನ್ ಪ್ರಯೋಜನ" ಎಂಬ ಮಾತು ಬಂದರೆ ತಿಂಗಳು ಕಾಯಬೇಡಿ. "ಸಾಯಬೇಕು ಅನ್ನಿಸ್ತದಾ ಅಣ್ಣ?" ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದರೆ ಹೊರಬರುತ್ತದೆ. ಅಂಥವರನ್ನು ಒಂಟಿಯಾಗಿ ಬಿಡದೆ ಕೂಡಲೆ ಆಸ್ಪತ್ರೆಗೆ ಸೇರಿಸಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಆ ಮನೆಯಿಂದ ತೆಗೆದು ಬೇರೆಡೆ ಬೀಗದಲ್ಲಿಡಿ. ಆವೇಶದ ಆ ಒಂದು ಗಳಿಗೆ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರಲಿ, ಇರುಳಿರಲಿ, ಖರ್ಚಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು. ಗೋಡೆಯ ಮೇಲೆ ಇದ್ದಿಲಲ್ಲಾದರೂ ಬರೆದಿಡಿ.

ಕಡೆಯದಾಗಿ ಒಂದು ಮುಖ್ಯ ಸಂಗತಿ. ಹನ್ನೊಂದನೆಯ ದಿನದ ತಿಥಿಯವರೆಗೆ ಮನೆ ತುಂಬ ಜನ. ಚಪ್ಪರ ಬಿಚ್ಚಿದ ಮೇಲೆ ಬಾಗಿಲ ಬಳಿ ಯಾರೂ ಇರುವುದಿಲ್ಲ. ನಿಜವಾದ ಕಷ್ಟದ ಕಾಲ ಅದು. ಆದ್ದರಿಂದ ಊರಿನಲ್ಲಿ ಇಬ್ಬಿಬ್ಬರ ಜೊತೆ ಮಾಡಿಕೊಂಡು, ಒಂದೊಂದು ಜೊತೆಗೆ ಮೂರು ನಾಲ್ಕು ಮನೆ ಹಂಚಿಕೊಳ್ಳಿ. ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಂದು ಸಲ, ಹಬ್ಬದ ದಿನ ಮತ್ತು ವರ್ಷ ತುಂಬುವ ದಿನ ತಪ್ಪದೆ ಹೋಗಿಬನ್ನಿ. ಕೊಟ್ಟ ಮಾತು ತಪ್ಪಬೇಡಿ. ಹೋಗಿಬರುವವರಿಗೂ ಮನಸ್ಸು ಭಾರವಾಗುತ್ತದೆ. ವಾರಕ್ಕೊಮ್ಮೆ ನೀವೂ ಒಟ್ಟಿಗೆ ಕೂತು ಹಗುರಾಗಿ, ದಣಿದವರಿಗೆ ಬಿಡುವು ಕೊಡಿ.

ನಾಟಿ ಹಾಕಿ ಬಂದವನು ಮರುದಿನವೇ ಗದ್ದೆಯನ್ನು ಮರೆಯುತ್ತಾನೆಯೇ? ಬದುವಿನ ಮೇಲೆ ದಿನವೂ ಒಂದು ಸುತ್ತು ಹಾಕುತ್ತಾನೆ. ನೊಂದ ಮನೆಯ ಕಡೆಗೂ ಹಾಗೆಯೇ ಒಂದು ಸುತ್ತು ಹಾಕಿ.