ಪಿಲಿಕುಳದಲ್ಲಿ ಒಂದು ದಿನ

ಮಕ್ಕಳಿಗೆ ರಜೆ ಬಂತೆಂದರೆ ಹಿರಿಯರಿಗೆ ಯೋಚನೆ ಹತ್ತುತ್ತದೆ. ದೂರದ ಪ್ರವಾಸಕ್ಕೆ ಕೈಯಲ್ಲಿ ಕಾಸಿಲ್ಲ. ಮನೆಯಲ್ಲೇ ಇರಿಸಿದರೆ ಮೊಬೈಲು ಬಿಡುವುದಿಲ್ಲ. ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಾವೂ ಅಕ್ಕನ ಮನೆಯವರೂ ಸೇರಿ, ವಯಸ್ಸಾದ ಅಮ್ಮನನ್ನೂ ಕರೆದುಕೊಂಡು, ಬುತ್ತಿ ಕಟ್ಟಿ ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿಬಂದೆವು.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಅಲ್ಲಿಂದ ಮೂಡಬಿದಿರೆ ರಸ್ತೆಯಲ್ಲಿ ವಾಮಂಜೂರಿಗೆ ಹೋದರೆ ಪಿಲಿಕುಳ ಸಮೀಪ. ಗುರುಪುರ ನದಿಯ ಪಕ್ಕದ ಗುಡ್ಡಗಳಲ್ಲಿ 300ಕ್ಕೂ ಹೆಚ್ಚು ಎಕರೆ ಜಾಗ. ಮೃಗಾಲಯ, ಕೆರೆ, ಸಸ್ಯೋದ್ಯಾನ, ಕುಶಲಕರ್ಮಿಗಳ ಗ್ರಾಮ, ವಿಜ್ಞಾನ ಕೇಂದ್ರ, 2018ರಲ್ಲಿ ಆರಂಭವಾದ ತಾರಾಲಯ ಎಲ್ಲವೂ ಇವೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ.

ಅಕ್ಕನ ಮಗನಿಗೆ ಮನೆಮಾತು ತುಳು. ಶಾಲೆಯಲ್ಲಿ ಇಂಗ್ಲಿಷ್, ಮಲಯಾಳ. 'ಪಿಲಿ ಅಂದರೆ ಹುಲಿ, ಕುಳ ಅಂದರೆ ಕೊಳ' ಎಂದು ಬಸ್ಸಿನಲ್ಲೇ ಅರ್ಥ ಹೇಳಿದ. ಮೃಗಾಲಯದಲ್ಲಿ ದೊಡ್ಡ ಕೊಂಬಿನ ಪ್ರಾಣಿಯನ್ನು ಕಂಡು 'ಮ್ಲಾವ್!' ಎಂದು ಕೂಗಿದ. ಕನ್ನಡ ಶಾಲೆಯ ನಮ್ಮ ಮಗಳು ಫಲಕ ಓದಿ 'ಅಲ್ಲ, ಕಡವೆ' ಎಂದಳು. ಇಬ್ಬರದೂ ಸರಿಯೇ. ಅವನ ರಾಜವೆಂಬಾಲ ಅವಳ ಕಾಳಿಂಗ ಸರ್ಪವಾಯಿತು. ಎಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಅದು. ಅದರ ಸಂತಾನಾಭಿವೃದ್ಧಿಗೆ ಪಿಲಿಕುಳ ಹೆಸರಾಗಿದೆ. ಕನ್ನಡ ಫಲಕ ಬಂದಲ್ಲೆಲ್ಲ ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಮಾಸ್ತರರಾದ ನಮಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆ ಕುಶಲಕರ್ಮಿಗಳ ಗ್ರಾಮದಲ್ಲಿ ಇಳಿಯಿತು. ಗಾಣದ ಎದುರು ನಿಂತು ಮಗಳು, 'ಇದೇನಪ್ಪ?' ಎಂದಳು. 'ಗಾಣದೆತ್ತು' ಎಂಬ ಮಾತನ್ನು ಅವಳಿಗೆ ನಾವೇ ಬರೆಸಿದ್ದೆವು, ಗಾಣ ತೋರಿಸಿರಲಿಲ್ಲ. ಆಗ ಮುಂದೆ ಬಂದವರು ಅಮ್ಮ. ಗಾಣ, ಮಗ್ಗ, ಕುಂಬಾರನ ತಿಗರಿ, ಅವಲಕ್ಕಿ ಕುಟ್ಟುವ ಒನಕೆ ಒಂದೊಂದನ್ನೂ ತೋರಿಸಿ, ತಮ್ಮ ತವರಿನಲ್ಲಿ ಯಾವುದು ಎಲ್ಲಿತ್ತು, ಯಾರು ದುಡಿಯುತ್ತಿದ್ದರು ಎಂದು ಕನ್ನಡ ತುಳು ಬೆರೆಸಿ ಹೇಳಿದರು. ಮೊಮ್ಮಕ್ಕಳಿಬ್ಬರೂ ಅವರ ಕೈ ಬಿಡಲಿಲ್ಲ.

ಮರಳುವಾಗ ತಲಪಾಡಿ ದಾಟಿದ ಮೇಲೆ ಹುಡುಗ ಮಗಳ ಪುಸ್ತಕ ಚಾಚಿ, 'ನನ್ನ ಹೆಸರು ಕನ್ನಡದಲ್ಲಿ ಬರೆ' ಎಂದ. ಅಕ್ಕ ನಾವು ಕಲಿತ ಕನ್ನಡ ಶಾಲೆಯಲ್ಲೇ ಕಲಿತವಳು. ಮಗನ ಮುಂದಿನ ಉದ್ಯೋಗದ ಚಿಂತೆಯಿಂದ ಬೇರೆ ಶಾಲೆಗೆ ಸೇರಿಸಿದಳು, ಅವಳನ್ನು ದೂರುವಂತಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದವಳು ಮೆಲ್ಲನೆ, 'ಇವನಿಗೆ ಅಕ್ಷರ ಹೇಳಿಕೊಡ್ತೀಯಾ?' ಎಂದಳು.

'ಶನಿವಾರ ಕಳಿಸಕ್ಕ' ಎಂದೆವು. ಈಗ ಬರುತ್ತಿದ್ದಾನೆ. ಪಾಠ ನಮ್ಮದು, ಕಥೆ ಅಮ್ಮನದು.

ಓದುಗರೂ ಒಮ್ಮೆ ಹೋಗಿಬನ್ನಿ. ಸೋಮವಾರ ರಜೆ, ವಿಚಾರಿಸಿ ಹೊರಡಿ. ಬೇಸಿಗೆಯಾದರೆ ಬೆಳಗ್ಗೆಯೇ ತಲಪಿರಿ, ಮಳೆಗಾಲವಾದರೆ ಕೊಡೆ ಮರೆಯಬೇಡಿ. ನಡೆಯಲು ಬಹಳವಿದೆ. ಆದರೂ ಮನೆಯ ಅಜ್ಜ ಅಜ್ಜಿಯರನ್ನು ಬಿಟ್ಟು ಹೋಗಬೇಡಿ.