ಹನಿ ಬಿದ್ದದ್ದು ಕೆಳಗೆ, ಸೋರಿದ್ದು ಎಲ್ಲಿ?

ಕಳೆದ ವರ್ಷ ನಾನೊಂದು ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ತಗೊಂಡೆ. 100 ಸಿಸಿ ಗಾಡಿ, ಹನ್ನೆರಡು ವರ್ಷ ಹಳೆಯದು. ತಂದು ಮೂರು ವಾರ ಆಗಿರಬೇಕು, ಶಾಲೆಯ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ ಗಾಡಿಯನ್ನು ನೋಡಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಓಡಿ ಬಂದ. "ಸರ, ನಿಮ್ಮ ಗಾಡಿ ಕೆಳಗ ಎಣ್ಣಿ ಬಿದ್ದೈತ್ರಿ!"

ಹೋಗಿ ನೋಡಿದರೆ ಹೌದು. ಇಂಜಿನ್ನಿನ ತಳದಲ್ಲಿ ಆಯಿಲ್ ಇಳಿಸಲು ಒಂದು ಡ್ರೈನ್ ಬೋಲ್ಟ್ ಇರುತ್ತದೆ. ಅದರ ತುದಿಯಲ್ಲಿ ಹನಿ ತೂಗಾಡುತ್ತಿತ್ತು. ನೆಲದ ಮೇಲೆ ರೂಪಾಯಿ ಅಗಲದ ಕಪ್ಪು ಕಲೆ.

ಹನಿ ಬೋಲ್ಟಿನಲ್ಲಿದೆ, ಅಂದಮೇಲೆ ಬೋಲ್ಟೇ ಸಡಿಲ ಎಂದುಕೊಂಡೆ. ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ. ಮರುದಿನವೂ ಹನಿ. ಸ್ಪ್ಯಾನರಿಗೆ ಉದ್ದನೆಯ ಪೈಪ್ ಸಿಕ್ಕಿಸಿ ಇನ್ನೂ ಬಿಗಿ ಮಾಡಿದೆ. ಆಗ ಬೋಲ್ಟ್ ಸಲೀಸಾಗಿ ತಿರುಗತೊಡಗಿತು, ಹಿಡಿತವೇ ಇಲ್ಲ! ಗ್ಯಾರೇಜಿನ ಮಿಸ್ತ್ರಿ ನೋಡಿ, "ಸರ, ಆಟೆ ಹೋಗ್ಯಾವ್ರಿ. ಬೋಲ್ಟ್ ಸೋರತಿರಲಿಲ್ಲ, ಈಗ ನೀವ ಸೋರೂ ಹಂಗ ಮಾಡೀರಿ" ಅಂದರು. ಆಟೆ ಎಂದರೆ ಸ್ಕ್ರೂವಿನ ಸುರುಳಿ, ಅಂದರೆ ಥ್ರೆಡ್. ಗಾಡಿ ಮಾರಿದವರು ಮೋಸ ಮಾಡಿದರು ಎಂದು ಎರಡು ದಿನ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಕೆಡಿಸಿದ್ದು ನಾನೇ. "ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ" ಎಂದು ತರಗತಿಯಲ್ಲಿ ಹೇಳುವ ನಾನು ವೀಕ್ಷಣೆಯನ್ನೇ ಬಿಟ್ಟಿದ್ದೆ.

ಪೈಪ್ ಮಾಡಿದ ಕೆಲಸ

ತಿರುಗಿಸುವ ಪರಿಣಾಮ ಅಂದರೆ ಟಾರ್ಕ್ = ಬಲ × ದೂರ. 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು 150 ನ್ಯೂಟನ್ ಬಲದಿಂದ ಎಳೆದರೆ, 150 × 0.2 = 30 ನ್ಯೂಟನ್-ಮೀಟರ್. ಸಣ್ಣ ಗಾಡಿಗಳ ಡ್ರೈನ್ ಬೋಲ್ಟಿಗೆ ಹೆಚ್ಚುಕಡಿಮೆ ಇಷ್ಟೇ ಸಾಕು. ಪೈಪ್ ಸಿಕ್ಕಿಸಿ ಉದ್ದವನ್ನು 60 ಸೆಂ.ಮೀ. ಮಾಡಿದರೆ ಅದೇ ಕೈಬಲಕ್ಕೆ 90 ನ್ಯೂಟನ್-ಮೀಟರ್ ಆಗುತ್ತದೆ. ಬೋಲ್ಟ್ ಉಕ್ಕಿನದು, ಅದು ಕೂರುವ ಇಂಜಿನ್ ಕವಚ ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡರಲ್ಲಿ ಮೆತ್ತಗಿನದು ಅಲ್ಯೂಮಿನಿಯಂ. ಹಾಗಾಗಿ ಬೋಲ್ಟಿಗೆ ಏನೂ ಆಗಲಿಲ್ಲ, ಕವಚದ ಆಟೆಗಳು ಕಿತ್ತುಹೋದವು.

ಹಾಗಾದರೆ ಎಣ್ಣೆ ಬಂದದ್ದೆಲ್ಲಿಂದ?

ನಮ್ಮ ಅಕ್ಕಲಕೋಟ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಹನಿ ಬೀಳುವುದು ಒಲೆಯ ಹತ್ತಿರ, ಮಾಳಿಗೆಗೆ ಕಿಂಡಿ ಬಿದ್ದಿರುವುದು ಬಾಗಿಲ ಕಡೆ. ನೀರು ತೊಲೆಯ ಗುಂಟ ಹರಿದು ಬಂದಿರುತ್ತದೆ. ಇಂಜಿನ್ನಿನಲ್ಲೂ ಹಾಗೆಯೇ. ನನ್ನ ಗಾಡಿಯಂಥವುಗಳಲ್ಲಿ ಒಳಗಿನ ಪಂಪ್ ಆಯಿಲನ್ನು ತಳದಿಂದ ಇಂಜಿನ್ನಿನ ತಲೆಯವರೆಗೆ ಏರಿಸುತ್ತದೆ. ಅಲ್ಲಿ ಎಲ್ಲಾದರೂ ಸೋರಿದರೆ ಗುರುತ್ವದಿಂದಾಗಿ ಹೊರಮೈ ಮೇಲೆ ಇಳಿದು, ಅತಿ ಕೆಳಗಿನ ತುದಿಯಲ್ಲಿ ಹನಿಯಾಗುತ್ತದೆ. ಓಡುವಾಗ ಎದುರುಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಳೇ ಗಾಡಿಯಲ್ಲಿ ಎಣ್ಣೆಗೆ ಧೂಳು ಮೆತ್ತಿಕೊಂಡು ದಾರಿಯೇ ಕಾಣುವುದಿಲ್ಲ.

ಪೌಡರ್ ಪರೀಕ್ಷೆ

ಹನಿ ತೋರಿಸಿದ ಹುಡುಗನನ್ನೇ ಜೊತೆಗೆ ಕರೆದುಕೊಂಡೆ. ಮಿಸ್ತ್ರಿ ಹೇಳಿದ ವಿಧಾನ ಹೀಗಿತ್ತು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಸೀಮೆಎಣ್ಣೆ ಮತ್ತು ಬ್ರಶ್ಶಿನಿಂದ ಹೊರಮೈಯ ಜಿಡ್ಡು ತೆಗೆದು, ಬಟ್ಟೆಯಿಂದ ಒರೆಸಿ ಒಣಗಿಸಬೇಕು. ನಂತರ ಅನುಮಾನದ ಜಾಗಗಳಿಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಬೇಕು. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಚಾಲು ಇಡಬೇಕು. ಮುಚ್ಚಿದ ಕೋಣೆಯಲ್ಲಿ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಿಷ. ಬಿಳಿ ಪೌಡರ್ ಎಲ್ಲಿ ಕಪ್ಪಾಗಿ ಒದ್ದೆಯಾಯಿತೋ ಅಲ್ಲಿ ಎಣ್ಣೆ ಇದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹಿಡಿಯಬೇಕು.

"ಸರ, ಇಲ್ಲೇರಿ!" ಎಂದು ಹುಡುಗ ಬೆರಳು ತೋರಿಸಿದ್ದು ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರ್ ಎಂಬ ಸಣ್ಣ ಮುಚ್ಚಳದ ಅಂಚನ್ನು. ಬೋಲ್ಟಿಗಿಂತ ಒಂದು ಗೇಣಿಗೂ ಹೆಚ್ಚು ಮೇಲೆ!

ರಬ್ಬರ್ ಏಕೆ ಸೋತಿತು?

ಎರಡು ಲೋಹದ ಮೈಗಳು ಎಷ್ಟೇ ನುಣುಪಾಗಿ ಕಂಡರೂ ಅವುಗಳಲ್ಲಿ ಸೂಕ್ಷ್ಮ ಏರುತಗ್ಗುಗಳಿರುತ್ತವೆ. ಆ ಸಂದಿ ಮುಚ್ಚಲು ನಡುವೆ ಒತ್ತಿದರೆ ಬಗ್ಗುವ ವಸ್ತು ಬೇಕು. ಕೆಲವು ಕಡೆ ಕಾಗದದಂಥ ಗ್ಯಾಸ್ಕೆಟ್, ಮುಚ್ಚಳಗಳಿಗೆ ಓ-ರಿಂಗ್ ಎಂಬ ರಬ್ಬರ್ ಉಂಗುರ, ತಿರುಗುವ ದಂಡಗಳಿಗೆ ಆಯಿಲ್ ಸೀಲ್ ಹಾಕಿರುತ್ತಾರೆ.

ಇಂಜಿನ್ ದಿನವೂ ಬಿಸಿಯಾಗಿ ತಣ್ಣಗಾಗುತ್ತದೆ. 100 ಮಿ.ಮೀ. ಉದ್ದದ ಅಲ್ಯೂಮಿನಿಯಂ ತುಂಡಿನ ತಾಪ 80 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 0.18 ಮಿ.ಮೀ. ಹಿಗ್ಗುತ್ತದೆ. ಅದೇ ಉದ್ದದ ಉಕ್ಕು ಹಿಗ್ಗುವುದು ಸುಮಾರು 0.1 ಮಿ.ಮೀ. ಮಾತ್ರ. ಹೀಗೆ ಭಾಗಗಳು ದಿನವೂ ಅಷ್ಟಿಷ್ಟು ಸರಿಯುವಾಗ ರಬ್ಬರ್ ಹಿಗ್ಗಿ ಕುಗ್ಗಿ ಸಂದಿ ತುಂಬುತ್ತಿರಬೇಕು. ವರ್ಷಗಟ್ಟಲೆ ಬಿಸಿಗೆ ಅದು ಗಟ್ಟಿಯಾಗಿ, ಚಪ್ಪಟೆಯಾಗಿ, ಬಿರುಕು ಬಿಡುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಮನೆಯ ಕುಕ್ಕರಿನ ಹಳೇ ರಬ್ಬರ್ ಸಂದಿಯಿಂದ ಹಬೆ ಬಿಡುವುದೂ ಇದೇ ಕಾರಣಕ್ಕೆ.

ಮಿಸ್ತ್ರಿ ಮುಚ್ಚಳ ಬಿಚ್ಚಿ ಹಳೇ ಉಂಗುರ ತೆಗೆದರು. ಬಗ್ಗಿಸಿದ ಕೂಡಲೇ ಅದು ಮುರಿಯಿತು. ಅದು ಕೂರುವ ತೋಡನ್ನು ಒರೆಸಿ, ಹೊಸ ಉಂಗುರಕ್ಕೆ ತುಸು ಆಯಿಲ್ ಸವರಿ ಕೂರಿಸಿದರು. ಕೆಡಿಸಿದ್ದ ತೂತಿಗೆ ಉಕ್ಕಿನ ಸುರುಳಿ ಕೂರಿಸಿ ಹೊಸ ಆಟೆ ಮಾಡಿದರು. ಉಂಗುರಕ್ಕೆ 20 ರೂಪಾಯಿ, ನನ್ನ ಅವಸರಕ್ಕೆ 700!

ಇನ್ನೊಂದು ಮಾತು. ಹೊಸ ರಬ್ಬರ್ ಹಾಕಿದ ಮೇಲೂ ಸೋರಿದರೆ ಬ್ರೀದರ್ ಪೈಪ್ ನೋಡಬೇಕು. ಉರಿದ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಇಂಜಿನ್ನಿನ ತಳಕ್ಕೆ ಇಳಿಯುತ್ತದೆ. ಅದು ಹೊರಹೋಗುವ ದಾರಿಯೇ ಈ ಪೈಪ್. ಅದು ಮಡಚಿಕೊಂಡರೆ ಅಥವಾ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಒಳ್ಳೆಯ ಸೀಲಿನಿಂದಲೂ ಆಯಿಲನ್ನು ಹೊರಗೆ ನೂಕುತ್ತದೆ. ಅಳತೆ ಮೀರಿ ಆಯಿಲ್ ಹಾಕಿದರೂ ಸೋರಬಹುದು.

ನಿಮ್ಮ ಮನೆಯ ಗಾಡಿಯ ಕೆಳಗೆ ಹನಿ ಕಂಡರೆ ಅಲಕ್ಷ್ಯ ಮಾಡಬೇಡಿ. ಆಯಿಲ್ ತೀರಾ ಕಡಿಮೆಯಾದರೆ ಇಂಜಿನ್ ಜಾಮ್ ಆಗುತ್ತದೆ, ಹಿಂದಿನ ಟೈರಿಗೆ ಆಯಿಲ್ ತಾಗಿದರೆ ಗಾಡಿ ಜಾರುತ್ತದೆ. ಹಿರಿಯರಿಗೆ ತಿಳಿಸಿ, ಅವರ ಜೊತೆ ಪೌಡರ್ ಪರೀಕ್ಷೆ ಮಾಡಿ. ಹಳೇ ಆಯಿಲನ್ನು ಚರಂಡಿಗೋ ಬಾವಿಯ ಹತ್ತಿರವೋ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

ಮನೆಯಲ್ಲಿ ಮಾಡಿ ನೋಡಿ: ಕುಕ್ಕರಿನ ಹಳೇ ರಬ್ಬರ್ ಮತ್ತು ಹೊಸ ರಬ್ಬರ್ ಎರಡನ್ನೂ ಕೈಯಲ್ಲಿ ಬಗ್ಗಿಸಿ, ಎಳೆದು ಬಿಡಿ. ಯಾವುದು ಬೇಗ ಮೊದಲಿನ ಆಕಾರಕ್ಕೆ ಬರುತ್ತದೆ? ನಿಮ್ಮ ವೀಕ್ಷಣೆ ಬರೆದಿಡಿ. ತೀರ್ಮಾನ ಆಮೇಲೆ.